ಕೋದಂಡರಾಮಯ್ಯನವರು ಕುಡಿಯದ ದಿನ

ಕುಡಿದು ಸಿಕ್ಕಿಬಿದ್ದರೆ ಅದರಲ್ಲೊಂದು ನ್ಯಾಯವಿದೆ. ಮನುಷ್ಯ ತಪ್ಪು ಮಾಡಿದ, ಬೈಸಿಕೊಂಡ, ಮುಸುಕು ಹೊದ್ದು ಮಲಗಿದ, ಅಲ್ಲಿಗೆ ಲೆಕ್ಕ ಚುಕ್ತಾ. ಕುಡಿಯದೇ ಸಿಕ್ಕಿಬಿದ್ದವನು ಏನು ಮಾಡಬೇಕೆಂದು ಮಾತ್ರ ಯಾವ ಶಾಸ್ತ್ರದಲ್ಲೂ ಬರೆದಿಟ್ಟಂತೆ ಕಾಣೆ. ದೊಡ್ಡಬಳ್ಳಾಪುರದ ನೇಕಾರ ಕೋದಂಡರಾಮಯ್ಯನವರಿಗೆ ಬಂದದ್ದು ಈ ಗತಿ. ಅದೂ ಮೊದಲ ಮೊಮ್ಮಗನ ತೊಟ್ಟಿಲ ಶಾಸ್ತ್ರದ ದಿನ, ಬೀಗರ ಸಮಕ್ಷಮದಲ್ಲಿ.

ಮೊದಲು ಅವರ ಮನೆಯ ವಿಷಯ ಹೇಳಿಬಿಡಬೇಕು. ಮುಂದೆ ನಡುಮನೆ, ಅಡುಗೆಮನೆ, ಒಂದು ಕೋಣೆ. ಹಿಂದೆ ಶೀಟು ಹೊದಿಸಿದ ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮ್ ಮಗ್ಗ. ಬೆಳಗಾದರೆ ಆ ಮಗ್ಗಗಳು ಖಟಖಟ ಎಂದು ಶುರುವಿಟ್ಟುಕೊಂಡರೆ ಕರೆಂಟು ಹೋಗುವ ತನಕ ಬಾಯಿ ಮುಚ್ಚುವುದಿಲ್ಲ. ಆ ಸದ್ದನ್ನು ಮೀರಿಸಿ ಮಾತಾಡಿ ಮಾತಾಡಿ ಮನೆಮಂದಿಗೆಲ್ಲ ಶಂಖದ ಗಂಟಲು ಬಂದುಬಿಟ್ಟಿತ್ತು. ಶಶಿರೇಖಮ್ಮ ಅಡುಗೆಮನೆಯಿಂದ ಗಂಡನನ್ನು ಊಟಕ್ಕೆ ಕರೆದರೆ ಆಚೆ ಬೀದಿಯವರು ಕೈ ತೊಳೆದುಕೊಳ್ಳುತ್ತಿದ್ದರು. ಗುಟ್ಟು ಎನ್ನುವ ಪದಾರ್ಥ ಆ ಮನೆಯಲ್ಲಿ ಉಳಿಯುವುದು ಸಾಧ್ಯವೇ ಇರಲಿಲ್ಲ.

ಆದರೂ ತಮ್ಮದೊಂದು ಗುಟ್ಟು ಮೂವತ್ತು ವರ್ಷದಿಂದ ಭದ್ರವಾಗಿದೆ ಎಂದು ಕೋದಂಡರಾಮಯ್ಯನವರು ನಂಬಿದ್ದರು. ಸಂಜೆ ಮಗ್ಗ ನಿಲ್ಲಿಸಿ, ಕೈಕಾಲು ತೊಳೆದು, ಪಕ್ಕದ ಬೀದಿಯ ಚಲಪತಿಯ ಜೊತೆ ಬಸ್ ಸ್ಟ್ಯಾಂಡ್ ಕಡೆ 'ಗಾಳಿ ಸೇವನೆ'ಗೆ ಹೋಗುತ್ತಿದ್ದರು. ಅಲ್ಲಿ ಸೇವನೆಯಾಗುತ್ತಿದ್ದದ್ದು ಗಾಳಿಯಲ್ಲ. ಹಿಂತಿರುಗುವಾಗ ದಾರಿಯಲ್ಲಿ ಎರಡು ಸೀಬೆ ಎಲೆ ಅಗಿದು, ಮೇಲೆ ನಾಲ್ಕು ಲವಂಗ ದವಡೆಗಿಟ್ಟುಕೊಂಡು, ಋಷಿಯಂತೆ ಮನೆ ಸೇರುತ್ತಿದ್ದರು. ಲವಂಗದ ವಾಸನೆ ಬೀದಿಯ ತಿರುವಿನಲ್ಲಿ ಮೂಗಿಗೆ ಬಡಿದ ಕೂಡಲೇ ಶಶಿರೇಖಮ್ಮ ಮುದ್ದೆಗೆ ಎಸರಿಡುತ್ತಿದ್ದರು. ಗಡಿಯಾರ ತಪ್ಪಬಹುದು, ಲವಂಗ ತಪ್ಪುತ್ತಿರಲಿಲ್ಲ. ಯಾರಾದರೂ ನೆಂಟರು ಅವರ ಕಣ್ಣೇಕೆ ಕೆಂಪಗಿದೆ ಎಂದು ಕೇಳಿದರೆ ತಾಯಿ ಅಕ್ಕಯ್ಯಮ್ಮ ಮೂಲೆಯಿಂದಲೇ ಉತ್ತರ ಕೊಡುತ್ತಿದ್ದರು: "ಅವನಿಗೆ ಶೀತ ಕಣಪ್ಪ." ಬೇಸಿಗೆಯಲ್ಲೂ ಶೀತ, ಮಳೆಗಾಲದಲ್ಲೂ ಶೀತ. ಇಡೀ ತಾಲ್ಲೂಕಿನಲ್ಲಿ ಅಷ್ಟು ದೀರ್ಘಕಾಲದ ನೆಗಡಿ ಇನ್ನೊಬ್ಬರಿಗೆ ಇರಲಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಕುಡಿದ ಕೋದಂಡರಾಮಯ್ಯನವರಿಂದ ಯಾರಿಗೂ ಉಪದ್ರವವಿರಲಿಲ್ಲ. ಚರಂಡಿಗೆ ಬಿದ್ದವರಲ್ಲ, ತಟ್ಟೆ ಎಸೆದವರಲ್ಲ. (ಚಲಪತಿ ಎರಡನ್ನೂ ಮಾಡಿದ್ದ, ಒಂದೇ ಸಂಜೆ.) ಅವರು ತಮಗೆ ತಾವೇ ಹೇಳಿಕೊಳ್ಳುತ್ತಿದ್ದ ವಾದವೂ ಇದೇ ಆಗಿತ್ತು. ಉಪದ್ರವವಾದದ್ದು ಅವರ ಲಿವರ್‌ಗೆ. ಊಟ ಸೇರುತ್ತಿಲ್ಲ, ಹೊಟ್ಟೆ ಭಾರ ಎಂದು ಸ್ಕ್ಯಾನಿಂಗ್ ಮಾಡಿಸಿದಾಗ ಡಾಕ್ಟರು ಲಿವರ್‌ನಲ್ಲಿ ಕೊಬ್ಬು ತುಂಬಿದೆ, ಹೀಗೇ ಕುಡಿಯುತ್ತಿದ್ದರೆ ಅದು ಗಟ್ಟಿಯಾಗುತ್ತದೆ ಎಂದರು. ಗಟ್ಟಿಯಾದರೆ ಒಳ್ಳೆಯದೇ ಅಲ್ಲವೇ ಎಂದು ಇವರು ಕೇಳಿದರು. ಡಾಕ್ಟರು ಕನ್ನಡಕ ತೆಗೆದು ಇವರನ್ನು ಸ್ವಲ್ಪ ಹೊತ್ತು ನೋಡಿ, ಶಶಿರೇಖಮ್ಮನನ್ನು ಒಳಗೆ ಕರೆಸಿ, ಉಳಿದದ್ದನ್ನು ಅವರಿಗೇ ಹೇಳಿದರು.

ಅಷ್ಟಾದರೂ ಬಿಡಲಿಲ್ಲ. ಬಿಡಿಸಿದ್ದು ಮಗಳು ಮೇಘನ. ಅವಳು ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಸಾಮಾನು ತಪಾಸಣೆ ಮಾಡುವ ಕೆಲಸದಲ್ಲಿದ್ದಳು. ದಿನಕ್ಕೆ ಸಾವಿರಾರು ಜನರ ಬ್ಯಾಗಿನಿಂದ ಉಗುರು ಕತ್ತರಿ ಹೆಕ್ಕಿ ತೆಗೆಯುವ ಹುಡುಗಿಗೆ ಅಪ್ಪನ ದವಡೆಯ ಲವಂಗ ಯಾವ ಮಹಾ. ಹೆರಿಗೆಗೆಂದು ತವರಿಗೆ ಬಂದವಳು ಗಂಡು ಮಗುವನ್ನು ಎತ್ತಿಕೊಂಡು ಆಸ್ಪತ್ರೆಯಿಂದ ಮನೆಗೆ ಬಂದಳು. ತಾತ ಎರಡೂ ಕೈ ಚಾಚಿಕೊಂಡು ಓಡಿಬಂದರು. ಮೇಘನ ಹೊಸ್ತಿಲಲ್ಲೇ ನಿಂತಳು.

"ಅಪ್ಪ, ಬಾಯಲ್ಲಿ ಆ ವಾಸನೆ ಇಟ್ಕೊಂಡು ನನ್ನ ಮಗು ಮುಟ್ಟಂಗಿಲ್ಲ. ಇವತ್ತೂ ಇಲ್ಲ, ಯಾವತ್ತೂ ಇಲ್ಲ. ತೊಟ್ಟಿಲ ಶಾಸ್ತ್ರದ ದಿನ ಹೆಸರು ಹೇಳೋಕೆ ನಿಮ್ಮ ಮಡಿಲಿಗೆ ಹಾಕ್ಬೇಕು ಅಂದ್ರೆ ಅಷ್ಟರೊಳಗೆ ಬಿಟ್ಟಿರ್ಬೇಕು. ಇಲ್ದಿದ್ರೆ ನಮ್ಮ ಮಾವನೋರು ಹೇಳ್ತಾರೆ."

ಇದು ಪೆಟ್ಟು. ಅವರ ಮನೆತನದಲ್ಲಿ ತೊಟ್ಟಿಲಿಗೆ ಹಾಕುವ ದಿನ ಮಗುವನ್ನು ತಾಯಿಯ ತಂದೆಯ ಮಡಿಲಲ್ಲಿ ಮಲಗಿಸಿ, ಅವರ ಬಾಯಿಂದ ಅದರ ಕಿವಿಯಲ್ಲಿ ಮೂರು ಸಲ ಹೆಸರು ಹೇಳಿಸುವುದು ತಲೆತಲಾಂತರದ ವಾಡಿಕೆ. ಕೋದಂಡರಾಮಯ್ಯನವರ ಹೆಸರನ್ನೂ ಅವರ ತಾಯಿಯ ತಂದೆಯೇ ಹೇಳಿದ್ದರು. ಆ ಹಕ್ಕು ನೆಲಮಂಗಲದ ಬೀಗರಾದ ನರಸಿಂಹಯ್ಯನವರ ಪಾಲಾಗುವುದೆಂದರೆ? ಹಣೆಗೆ ವಿಭೂತಿ, ಬಾಯಲ್ಲಿ ಸದಾ ನೀತಿ, ಟೀ ಕೂಡ ಕುಡಿಯದ ಆಸಾಮಿ. ಮದುವೆಯ ಮಾತುಕತೆಯಲ್ಲೂ ಬಾಯಿ ತೆರೆದರೆ ದುಶ್ಚಟಗಳ ಬಗ್ಗೆಯೇ ಉಪನ್ಯಾಸ ಕೊಟ್ಟವರು. ಅವರ ಮಡಿಲಲ್ಲಿ ತಮ್ಮ ಮೊಮ್ಮಗನೇ? ಕೋದಂಡರಾಮಯ್ಯನವರು ಆ ಸಂಜೆಯೇ ಬಿಟ್ಟರು. ನಿಜವಾಗಿಯೂ ಬಿಟ್ಟರು. ಡಾಕ್ಟರ ಹತ್ತಿರ ಹೋಗಿ ಮಾತ್ರೆ ಬರೆಸಿಕೊಂಡರು. ಇಷ್ಟು ವರ್ಷದ ಅಭ್ಯಾಸ, ಒಮ್ಮೆಲೇ ನಿಲ್ಲಿಸಿದರೆ ಕೆಲವು ವಾರ ಕೈ ನಡುಗಬಹುದು, ನಿದ್ದೆ ಕೆಡಬಹುದು, ಹೆದರಬೇಡಿ ಎಂದು ಅವರು ಹೇಳಿ ಕಳಿಸಿದರು.

ಬಿಟ್ಟ ಮೇಲೆ ಮೊದಲು ಕೈಬಿಟ್ಟವನು ಚಲಪತಿ. ಜಾತಿಭ್ರಷ್ಟನನ್ನು ಕಂಡಂತೆ ಬೀದಿಯ ಆ ಬದಿಗೆ ದಾಟಿಹೋಗತೊಡಗಿದ. ಸಂಜೆಯ ಹೊತ್ತು ಏನು ಮಾಡಬೇಕೆಂಬುದೇ ಕೋದಂಡರಾಮಯ್ಯನವರಿಗೆ ತಿಳಿಯದಾಯಿತು. ಮೂವತ್ತು ವರ್ಷದಿಂದ ಆ ಹೊತ್ತಿನಲ್ಲಿ ಅವರು ತಮ್ಮ ಮನೆಯನ್ನು ಸ್ಪಷ್ಟವಾಗಿ ನೋಡಿಯೇ ಇರಲಿಲ್ಲ. ಈಗ ಎಲ್ಲವೂ ಕಾಣತೊಡಗಿತು. ಹಿತ್ತಲ ನಲ್ಲಿ ತೊಟ್ಟಿಕ್ಕುವುದು ಕಂಡಿತು, ಫ್ಯಾನಿನ ಮೇಲಿನ ಧೂಳು ಕಂಡಿತು, ಸಾರಿಗೆ ಹಾಕುವ ಹುಣಸೆಹಣ್ಣಿನ ಗಾತ್ರ ಕಂಡಿತು. ಅಡುಗೆಮನೆಗೆ ಹೋಗಿ ಒಂದೊಂದೇ ಪಾತ್ರೆಯ ಮುಚ್ಚಳ ತೆಗೆದು ನೋಡಿ, ಒಂದೊಂದಕ್ಕೂ ಒಂದೊಂದು ತೀರ್ಪು ಕೊಟ್ಟು ಬರುತ್ತಿದ್ದರು. ಶಶಿರೇಖಮ್ಮ ಬಾಯಿ ಬಿಗಿಹಿಡಿದು ಸಹಿಸಿದರು. ಬೇಡಿದ ದೇವರು ಕೊಟ್ಟ ವರ, ಈಗ ಬೇಡ ಎನ್ನುವುದು ಹೇಗೆ?

ಇರಲಿ, ಶಾಸ್ತ್ರದ ದಿನ ಹತ್ತಿರ ಬಂತು. ವಿಧಿಯ ಆಟ ನೋಡಿ, ಹಿಂದಿನ ದಿನ ಚಪ್ಪರಕ್ಕೆ ನೀರು ಚಿಮುಕಿಸಲು ಹೋಗಿ ನೆನೆದು, ಕೋದಂಡರಾಮಯ್ಯನವರಿಗೆ ನೆಗಡಿ ಹಿಡಿಯಿತು. ಮೂವತ್ತು ವರ್ಷದಲ್ಲಿ ಮೊದಲ ಸಲ ನಿಜವಾದ ನೆಗಡಿ. ಮೂಗು ಕಟ್ಟಿತು, ಕಣ್ಣು ಕೆಂಡವಾಯಿತು, ಗಂಟಲು ಕೆರೆಯತೊಡಗಿತು. ಕೆಮ್ಮಿಗೆ ಮದ್ದೆಂದು, ಪಾಪ, ಯಾವ ದುರುದ್ದೇಶವೂ ಇಲ್ಲದೆ, ನಾಲ್ಕು ಲವಂಗ ದವಡೆಗಿಟ್ಟುಕೊಂಡರು.

ಮಗನ ಸ್ಥಿತಿ ನೋಡಿ ಅಕ್ಕಯ್ಯಮ್ಮನ ಕರುಳು ಮಿಡಿಯಿತು. ಅವರ ಟ್ರಂಕಿನಲ್ಲಿ ಒಂದು ಬ್ರಾಂಡಿ ಬಾಟಲಿ ಇತ್ತು. ಅಪಾರ್ಥ ಮಾಡಿಕೊಳ್ಳಬಾರದು, ಅದು ಬಾಣಂತನದ ಬ್ರಾಂಡಿ. ಅವರ ಕಾಲದಲ್ಲಿ ಬಾಣಂತಿಗೆ ಲೇಹ್ಯದ ಜೊತೆ ಒಂದು ಮುಚ್ಚಳ ಕೊಡುವುದು ರೂಢಿ, ಮೈ ಬೆಚ್ಚಗಿರುತ್ತದೆಂದು. ಮೇಘನ ಮಾತ್ರ ಹಾಲೂಡಿಸುವ ತಾಯಿ ಹನಿಯೂ ಮುಟ್ಟಬಾರದೆಂದು ಡಾಕ್ಟರು ಹೇಳಿದ್ದಾರೆ, ಅಜ್ಜಿ ಆ ಬಾಟಲಿ ಎಸೆಯಲಿ ಎಂದು ಖಡಾಖಂಡಿತ ಹೇಳಿದ್ದಳು. ಅಕ್ಕಯ್ಯಮ್ಮ ಎಸೆಯಲಿಲ್ಲ. ಕುಡಿದರೆ ಹೆಂಡ, ಹಚ್ಚಿದರೆ ಔಷಧಿ ಎನ್ನುವುದು ಅವರ ಸಿದ್ಧಾಂತ. ಶಾಸ್ತ್ರದ ದಿನ ಬೆಳಗಿನ ಜಾವ, ಮಾತ್ರೆಯ ಮಂಪರಿನಲ್ಲಿ ಬಾಯಿ ತೆರೆದು ಮಲಗಿದ್ದ ಮಗನ ಎದೆಗೆ, ಬೆನ್ನಿಗೆ, ಕತ್ತಿಗೆ ಅಂಗೈ ತುಂಬಾ ಸುರಿದುಕೊಂಡು ಚೆನ್ನಾಗಿ ತಿಕ್ಕಿದರು. ಎದ್ದಾಗ ಕೋದಂಡರಾಮಯ್ಯನವರಿಗೆ ಎದೆ ಹಗುರಾದಂತೆ ಅನ್ನಿಸಿತು. ಜ್ವರ ಬಂದೀತೆಂದು ಸ್ನಾನ ಮಾಡದೆ, ಕೈಕಾಲು ಮುಖ ತೊಳೆದು, ರೇಷ್ಮೆ ಪಂಚೆ ಉಟ್ಟು, ಶಲ್ಯ ಹೊದ್ದು ಸಿದ್ಧರಾದರು. ಮೂಗು ಕಟ್ಟಿದವರಿಗೆ ಊರೆಲ್ಲ ಒಂದೇ ವಾಸನೆ. ತಮ್ಮ ಮೈ ಸಂಚಾರಿ ಸಾರಾಯಿ ಅಂಗಡಿಯಾಗಿದೆಯೆಂಬುದು ಅವರಿಗೆ ಹೇಗೆ ತಿಳಿಯಬೇಕು?

ಶಾಸ್ತ್ರಕ್ಕೆಂದು ಆ ದಿನ ಮಗ್ಗಗಳನ್ನು ನಿಲ್ಲಿಸಿದ್ದರು. ಮನೆ ನಿಶ್ಶಬ್ದವಾಗಿತ್ತು, ಮನೆಮಂದಿಯ ಗಂಟಲು ಮಾತ್ರ ಹಾಗೇ ಇತ್ತು. ನಡುಮನೆಯ ತುಂಬ ನೆಂಟರು. ಹೂವಿನ ತೊಟ್ಟಿಲು ತೂಗುತ್ತಿದೆ. ಅಳಿಯ ನಂದನ್ ಮೊಬೈಲು ಹಿಡಿದು ವಿಡಿಯೋಗೆ ಸಜ್ಜಾಗಿದ್ದಾನೆ. ಕೋದಂಡರಾಮಯ್ಯನವರು ಮಣೆಯ ಮೇಲೆ ಕೂತು ಮಡಿಲು ಹರವಿದರು. ಮೇಘನ ಮಗುವನ್ನು ಎತ್ತಿಕೊಂಡು ಬಂದು, ಬಗ್ಗಿ, ಇನ್ನೇನು ಮಲಗಿಸಬೇಕು, ಅಲ್ಲೇ ನಿಂತಳು. ಮೂಗು ಅರಳಿತು. ಮೊದಲು ಲವಂಗ. ಅದರ ಹಿಂದೆಯೇ ಬ್ರಾಂಡಿ. ಮಗುವನ್ನು ಎದೆಗವುಚಿಕೊಂಡು ತಾಯಿಯ ಕಿವಿಯಲ್ಲಿ ಪಿಸುಗುಟ್ಟಿದಳು.

"ಅಮ್ಮ, ಅಪ್ಪ ಕುಡ್ಕೊಂಡ್ ಬಂದವ್ರೆ."

ಆ ಪಿಸುಮಾತು ಚಪ್ಪರ ದಾಟಿ, ಅನ್ನ ಬಸಿಯುತ್ತಿದ್ದ ಅಡುಗೆಯವರನ್ನು ದಾಟಿ, ಬೀದಿಯ ತಿರುವಿನಲ್ಲಿ ನಿಂತಿದ್ದ ಚಲಪತಿಯವರೆಗೂ ತಲುಪಿತು.

ಮುಂದಿನದೆಲ್ಲ ವಿಚಾರಣೆ. ಕೋದಂಡರಾಮಯ್ಯನವರು ಆಣೆ ಮಾಡಿದರು. ಕಣ್ಣು ಕೆಂಪಗಿರುವುದಕ್ಕೆ ಕಾರಣ ಕೇಳಿದ್ದಕ್ಕೆ ನೆಗಡಿ ಎಂದರು. ನೆಂಟರೆಲ್ಲ ತಲೆ ತಗ್ಗಿಸಿ ನಕ್ಕರು. ಲವಂಗವೇಕೆಂದರೆ ಕೆಮ್ಮು ಎಂದರು. ಇನ್ನಷ್ಟು ನಗು. ಆಗ ಅಕ್ಕಯ್ಯಮ್ಮ ಮೂಲೆಯಿಂದ ಎದ್ದುಬಂದು, ಮಗನಿಗೆ ಶೀತವಾಗಿತ್ತು, ಬ್ರಾಂಡಿ ತಿಕ್ಕಿದ್ದು ನಾನೇ ಎಂದು ಸತ್ಯವನ್ನೇ ಹೇಳಿದರು. ಆದರೆ ಒಂದೇ ಸುಳ್ಳನ್ನು ಮೂವತ್ತು ವರ್ಷ ಹೇಳಿದ ಬಾಯಿಂದ ಸತ್ಯ ಬಂದರೂ ಅದಕ್ಕೆ ಅದೇ ಸುಳ್ಳಿನ ಮುಖವಿರುತ್ತದೆ. ಮೇಘನ ಅಜ್ಜಿಯ ಭುಜ ಸವರಿ, ನೀನು ಸುಮ್ಮನಿರಜ್ಜಿ, ಇನ್ನೂ ಎಷ್ಟು ದಿನ ಮಗನನ್ನು ಸೆರಗಲ್ಲಿ ಮುಚ್ಚುತ್ತೀಯ ಎಂದು ಕೂರಿಸಿದಳು.

ಇಂಥ ಹೊತ್ತಿಗೇ ಬೀಗರ ಔದಾರ್ಯ ಉಕ್ಕುವುದು. ನರಸಿಂಹಯ್ಯನವರು ಈಗ ನೆಲಮಂಗಲದ ಗೋದಾಮೊಂದರಲ್ಲಿ ಮೇಲ್ವಿಚಾರಕರಾದರೂ ಹುಟ್ಟಿನಿಂದ ನೇಕಾರರೇ. ಅವರು ಗಂಟಲು ಸರಿಮಾಡಿಕೊಂಡರು.

"ನೋಡಿ ಬೀಗ್ರೇ, ಸುಮ್ನೆ ಅನುಮಾನ ಬೇಡ. ನಮ್ಮ ಕಾಲದಲ್ಲಿ ಮಾಲೀಕರು ನೇಕಾರನ್ನ ಮಗ್ಗಕ್ಕೆ ಬಿಡೋಕೆ ಮುಂಚೆ ಕೈಗೆ ಒಂದು ರೇಷ್ಮೆ ಎಳೆ ಕೊಡ್ತಿದ್ರು. ತುಂಡಾದ ಎಳೆ ಗಂಟು ಹಾಕಿದ್ರೆ ಕುಡಿದಿಲ್ಲ, ಹಾಕಕ್ಕಾಗ್ದಿದ್ರೆ ಕುಡಿದಿದಾನೆ. ಕೈ ಸುಳ್ಳು ಹೇಳಲ್ಲ. ನೀವೂ ಒಂದು ಗಂಟು ಹಾಕ್ಬಿಡಿ, ಎಲ್ರ ಬಾಯೂ ಮುಚ್ಚುತ್ತೆ."

ಕೋದಂಡರಾಮಯ್ಯನವರಿಗೆ ಜೀವ ಬಂದಂತಾಯಿತು. ಎಳೆ ಗಂಟು ಹಾಕುವುದೇ? ತೊಟ್ಟಿಲಿನಿಂದ ಇಳಿದಾಗಿನಿಂದ ಮಾಡಿದ ಕೆಲಸ. ಕಣ್ಣು ಮುಚ್ಚಿ ಹಾಕಬಲ್ಲರು. ಕರೆಂಟು ಹೋದಾಗ ಕತ್ತಲಲ್ಲಿ ಹಾಕಿದ್ದರು. ನಿಜ ಹೇಳಬೇಕೆಂದರೆ ಕುಡಿದು ಹಾಕಿದ ಗಂಟುಗಳಲ್ಲೂ ಒಂದೂ ಬಿಚ್ಚಿರಲಿಲ್ಲ. ಶೆಡ್ಡಿನಿಂದ ಎಳೆ ತರಿಸಿದರು. ತುಂಡು ಮಾಡಿ ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದರು. ನಂದನ್‌ನ ಮೊಬೈಲು ಹತ್ತಿರ ಬಂತು.

ಆಗ ಕೈ ನಡುಗಿತು.

ಕುಡಿಯುತ್ತಿದ್ದಾಗ ಬಂಡೆಯಂತಿದ್ದ ಕೈ, ಬಿಟ್ಟ ತಪ್ಪಿಗೆ, ಎಲೆಯಂತೆ ಅಲುಗಾಡಿತು. ಒಂದು ತುದಿಯನ್ನು ಇನ್ನೊಂದರ ಹತ್ತಿರ ತಂದರೆ, ಅದು ನೆಲಮಂಗಲದ ಬಸ್ಸು ಹತ್ತಿದರೆ ಇದು ದೇವನಹಳ್ಳಿಯ ಬಸ್ಸು ಹತ್ತುತ್ತಿತ್ತು. ಎಡಗೈ ಬಲಗೈಯನ್ನು ಹುಡುಕುವಷ್ಟರಲ್ಲಿ ಬಲಗೈ ಮನೆ ಬದಲಾಯಿಸಿರುತ್ತಿತ್ತು. ಹಣೆಯಲ್ಲಿ ಬೆವರು ಮೂಡಿತು. ಬೆವರಿಗೆ ಮೈಯ ಬ್ರಾಂಡಿ ಇನ್ನಷ್ಟು ಘಮಘಮಿಸಿತು. ಬಿಟ್ಟಿದ್ದಕ್ಕೇ ಕೈ ನಡುಗುತ್ತಿರುವುದು, ಕುಡಿದಿದ್ದರೆ ನಡುಗುತ್ತಲೇ ಇರಲಿಲ್ಲ ಎಂದು ಅವರು ವಾದಿಸಿದರು. ಹೇಳುತ್ತಿದ್ದ ಹಾಗೆಯೇ, ಇದು ಕುಡಿದವರು ಮಾತ್ರ ಆಡುವಂಥ ಮಾತು ಎಂದು ಅವರಿಗೇ ಅನ್ನಿಸಿಬಿಟ್ಟಿತು.

ಎಳೆ ನೆಲಕ್ಕೆ ಬಿತ್ತು. ಮೇಘನ ಕಣ್ಣೊರೆಸಿಕೊಂಡಳು. ಅವಳಿಗೂ ಆಸೆಯಿತ್ತು, ಅಪ್ಪನ ಮಡಿಲಿಗೇ ಹಾಕಬೇಕೆಂದು. ಮಗುವನ್ನು ಎತ್ತಿಕೊಂಡು ಮಾವನವರ ಕಡೆ ತಿರುಗಿದಳು. ನರಸಿಂಹಯ್ಯನವರು ಬೇಡ ಬೇಡ ಎನ್ನುತ್ತಲೇ ಮಡಿಲು ಸರಿಮಾಡಿಕೊಂಡರು. ಕೋದಂಡರಾಮಯ್ಯನವರು ತಾವು ಹರವಿದ ಖಾಲಿ ಮಡಿಲನ್ನು ನೋಡಿಕೊಂಡರು. ಇಷ್ಟು ದಿನ ಹಲ್ಲು ಕಚ್ಚಿ ಕಳೆದ ಸಂಜೆಗಳೆಲ್ಲ ವ್ಯರ್ಥ. ಒಂದು ತೊಟ್ಟೂ ಕುಡಿಯದೆ ಕುಡುಕನಾಗಿದ್ದಾಯಿತು. ದುಃಖವೆಲ್ಲ ಸಿಟ್ಟಾಗಿ ತಿರುಗಿ, ಲೋಕದ ಎಲ್ಲ ಗಂಡಂದಿರ ಸಿಟ್ಟಿನಂತೆ, ನೇರವಾಗಿ ಹೆಂಡತಿಯ ತಲೆಗೆ ಬಂದು ಬಡಿಯಿತು.

"ನೀನೇನು ಗರಬಡಿದೋಳಂಗೆ ನಿಂತಿದೀಯ? ಹಿತ್ತಲಲ್ಲಿ ನಲ್ಲಿ ಸುರೀತಿದೆ, ಕಿವಿ ಕೇಳಲ್ವಾ? ಒಬ್ಬಟ್ಟೆಲ್ಲ ಹೂರಣ ಈಚೆ ಬಂದು ಸತ್ತಿದೆ, ಅದನ್ನ ಬೀಗರ ಎಲೆಗೆ ಹಾಕೋಕೆ ನಾಚಿಕೆ ಬೇಡ್ವಾ? ಈ ಮನೇಲಿ ನೀನು ನೆಟ್ಟಗೆ ಮಾಡಿದ್ದು ಒಂದು ಕೆಲಸ ನಾನು ನೋಡ್ಲಿಲ್ಲ."

ಶಶಿರೇಖಮ್ಮ ಒಂದು ಗಳಿಗೆ ಗಂಡನ ಮುಖವನ್ನೇ ನೋಡಿದರು. ಆಮೇಲೆ ಮುಂದೆ ಬಂದು ಮಗಳ ತೋಳು ಹಿಡಿದರು.

"ಮೇಘನ, ಮಗೂನ ನಿಮ್ಮಪ್ಪನ ಮಡಿಲಿಗೆ ಹಾಕು. ಇವರು ಕುಡಿದಿಲ್ಲ."

ವಾಸನೆ ಬರುತ್ತಿದೆಯಲ್ಲಮ್ಮ ಎಂದು ಮಗಳು ಅಂದಳು. ಕೈ ನಡುಗಿತಲ್ಲ ಎಂದು ಬೀಗರು ನೆನಪಿಸಿದರು.

"ವಾಸನೆ ಬರ್ಲಿ, ಕೈ ನಡುಗ್ಲಿ. ನಾನು ಇವರ ಜೊತೆ ಮೂವತ್ತು ವರ್ಷ ಬಾಳಿದೀನಿ. ಕುಡಿದ್ರೆ ಇವರ ಬಾಯಲ್ಲಿ ಇಂಥ ಮಾತು ಬರಲ್ಲ. ಕುಡಿದಾಗ ನನ್ನ 'ಶಶೀ' ಅಂತಾರೆ. ಉಪ್ಪಿಲ್ಲದ ಸಾರನ್ನೂ ಅಮೃತ ಅಂತಾರೆ, ದಣಿದಿದೀಯ ಕೂತ್ಕೋ ಅಂತಾರೆ. ನನ್ನ ಹೆಸರು ಇವರಿಗೆ ನೆನಪಾಗೋದೇ ಆಗ. ಈಗ ಬೈದ್ರಲ್ಲ, ಇದು ಕುಡಿಯದೆ ಇರೋರ ಬಾಯಿ. ಬಿಟ್ಟಾಗಿಂದ ದಿನಾ ಕೇಳ್ತಿದೀನಿ, ನನಗೆ ಗೊತ್ತಿಲ್ವಾ."

ಯಾರೋ ನಗಲು ಹೋಗಿ ನಿಲ್ಲಿಸಿದರು. ಶಶಿರೇಖಮ್ಮ ತಮಾಷೆಗೆ ಹೇಳಿದ್ದಲ್ಲ, ಕಣ್ಣಂಚು ಒದ್ದೆಯಾಗಿತ್ತು. ಸ್ಕ್ಯಾನಿಂಗಿಗೂ ಸಿಗದ, ಎಳೆಗೂ ಸಿಗದ ಇಂಥ ಪುರಾವೆಯ ಮುಂದೆ ಯಾರು ತಾನೇ ಮಾತಾಡುತ್ತಾರೆ? ನರಸಿಂಹಯ್ಯನವರು ಮಡಿಲು ಮಡಿಸಿಕೊಂಡರು. ಮೇಘನ ಅಪ್ಪನ ಎದೆಯ ಶಲ್ಯ ಸರಿಸಿ ಮೂಸಿದಳು, ಬಾಯಿ ತೆರೆಸಿ ಮೂಸಿದಳು, ಅಜ್ಜಿಯ ಅಂಗೈಯನ್ನೂ ಹಿಡಿದು ಮೂಸಿದಳು. ಎದೆ, ಅಂಗೈ ಎರಡರಲ್ಲೂ ಒಂದೇ ಬ್ರಾಂಡಿ, ಬಾಯಲ್ಲಿ ಬರೀ ಲವಂಗ. ಅವಳು ನಾಚಿ, ಅಪ್ಪನ ಮೈಗೆ ದಪ್ಪ ಟವಲು ಹೊದಿಸಿ, ಮಗುವನ್ನು ಮಡಿಲಿಗೆ ಹಾಕಿದಳು.

ತಾತ ಬಗ್ಗಿ ಮೊಮ್ಮಗನ ಕಿವಿಯಲ್ಲಿ ಮೆಲ್ಲಗೆ ಹೇಳುತ್ತಿದ್ದೇನೆ ಎಂದುಕೊಂಡೇ "ಮೋಕ್ಷಿತ್" ಎಂದರು. ಮಗ್ಗದ ಗಂಟಲಲ್ಲವೇ, ಮಗು ಬೆಚ್ಚಿಬಿದ್ದು ಕಿಟಾರನೆ ಕಿರುಚಿತು. ಉಳಿದ ಎರಡು ಸಲವನ್ನು ಅದರ ಅಳುವಿನ ಮೇಲೆಯೇ ಹೇಳಿ ಮುಗಿಸಿದರು. ಕೋದಂಡರಾಮಯ್ಯನವರ ಮೂಗಿನಿಂದಲೂ ಕಣ್ಣಿನಿಂದಲೂ ನೀರು ಸುರಿಯುತ್ತಿತ್ತು. ಈ ಸಲ ಯಾರೂ ಕಾರಣ ಕೇಳಲಿಲ್ಲ.

ಊಟವಾಯಿತು. ಬೀಗರು ತಾಂಬೂಲ ತೆಗೆದುಕೊಂಡು ಬಸ್ಸಿಗೆ ಹೊರಟರು, ನೆಂಟರು ಕರಗಿದರು. ನಡುಮನೆಯ ಚಾಪೆಯ ಮೇಲೆ ಗೋಡೆಗೊರಗಿ ಕೂತ ಕೋದಂಡರಾಮಯ್ಯನವರ ಮಡಿಲಲ್ಲಿ ಮೋಕ್ಷಿತ್ ಬಾಯಿ ಅರೆತೆರೆದು ನಿದ್ದೆ ಹೋಗಿದ್ದ. ಎಲ್ಲರಿಗೂ ಬಡಿಸಿ ಮುಗಿಸಿದ ಶಶಿರೇಖಮ್ಮ ಆಗಷ್ಟೇ ಎಲೆಯ ಮುಂದೆ ಕೂತಿದ್ದರು. ಅವರ ಬೆನ್ನು ಬಾಗಿತ್ತು. ಬಲಗೈಯ ಎರಡು ಬೆರಳು ಒಬ್ಬಟ್ಟಿನ ಹೆಂಚಿಗೆ ತಗುಲಿ ಕೆಂಪಾಗಿದ್ದವು. ಇದನ್ನೂ ಕೋದಂಡರಾಮಯ್ಯನವರು ಈಗಲೇ ನೋಡಿದ್ದು. ಹೆಂಡತಿ ಎಲ್ಲರೆದುರು ಹೇಳಿದ ಮಾತು ಊಟವಾದರೂ ಗಂಟಲಿಂದ ಇಳಿದಿರಲಿಲ್ಲ. ತಾನು ಮೂವತ್ತು ವರ್ಷದಲ್ಲಿ ಆಡಿದ ಒಳ್ಳೆಯ ಮಾತುಗಳೆಲ್ಲ ಬಾಟಲಿಯ ಲೆಕ್ಕಕ್ಕೆ ಜಮಾ ಆಗಿವೆಯೇ? ಅವರಿಗೆ ನಿಜಕ್ಕೂ ನಾಚಿಕೆಯಾಯಿತು. ಇನ್ನು ಮುಂದೆ ಹಾಗಾಗಬಾರದು, ಕುಡಿಯದೆಯೇ ಹೇಳಬೇಕು, ಈಗಲೇ ಹೇಳಬೇಕು ಎಂದು ನಿಶ್ಚಯಿಸಿದರು. ನಿಶ್ಚಯ ಮಾಡಿದ್ದು ಸುಲಭವಾಯಿತು, ಬಾಯಿ ತೆರೆಯುವುದು ಎಳೆಗೆ ಗಂಟು ಹಾಕುವುದಕ್ಕಿಂತ ಕಷ್ಟವಾಯಿತು. ಎರಡು ಸಲ ಗಂಟಲು ಕೆರೆದುಕೊಂಡರು. ಮೂರನೆಯ ಸಲ ಮಾತು ಹೊರಬಂತು.

"ಶಶೀ, ಒಬ್ಬಟ್ಟು ಚೆನ್ನಾಗಿತ್ತು ಕಣೇ. ದಣಿದಿದೀಯ. ನಿಧಾನವಾಗಿ ಊಟ ಮಾಡು."

ಶಶಿರೇಖಮ್ಮನ ಕೈಯ ತುತ್ತು ಬಾಯಿಗೂ ಎಲೆಗೂ ನಡುವೆ ನಿಂತಿತು.

ಒಳಗಿನ ಕೋಣೆಯಲ್ಲಿ ಮಲಗಿದ್ದ ಮೇಘನಳಿಗೂ ಅದು ಸ್ಪಷ್ಟವಾಗಿ ಕೇಳಿಸಿತು. ಎದ್ದು ಬಂದಳು. ಅಪ್ಪನ ಮುಖವನ್ನು ಒಂದು ಸಲ, ಅಮ್ಮನ ಮುಖವನ್ನು ಒಂದು ಸಲ ನೋಡಿ, ಮಡಿಲಿನಿಂದ ಮಗುವನ್ನು ಎತ್ತಿಕೊಂಡು ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಕೋದಂಡರಾಮಯ್ಯನವರು ತಮ್ಮ ಏಕೈಕ ಸಾಕ್ಷಿಯ ಕಡೆ ಆಸೆಯಿಂದ ತಿರುಗಿದರು. ಶಶಿರೇಖಮ್ಮ ಎಲೆ ಬಿಟ್ಟು ಎದ್ದು, ಎಂಜಲು ಕೈಯನ್ನು ಹಿಂದಕ್ಕೆ ಹಿಡಿದು, ಮೂಗು ಮುಂದೆ ಮಾಡಿಕೊಂಡು ಅವರ ಹತ್ತಿರ ಬರುತ್ತಿದ್ದರು.